ನೀಲಗಿರಿಯ ಹಾದಿಯಲ್ಲಿ ಊರ ಹೆಸರುಗಳು

ನೀಲಗಿರಿಗೆ ಹೊರಡುವ ಪ್ರವಾಸಿಯ ಕೈಯಲ್ಲಿ ಸಾಮಾನ್ಯವಾಗಿ ಒಂದು ಪಟ್ಟಿ ಸಿದ್ಧವಾಗಿರುತ್ತದೆ: ಸಸ್ಯೋದ್ಯಾನ, ಕೆರೆಯಲ್ಲಿ ದೋಣಿವಿಹಾರ, ದೊಡ್ಡಬೆಟ್ಟದ ದೂರದರ್ಶಕ, ಕೂನೂರಿನ ಚಹಾ ತೋಟ, ಪುಟ್ಟ ರೈಲು. ಇಷ್ಟಕ್ಕೆ ಮೂರು ಹಗಲು ಸಾಕು. ಮಾರ್ಗದರ್ಶಿ ಪುಸ್ತಕಗಳು ಹೇಳುವ ಇತಿಹಾಸವೂ ಅಷ್ಟೇ ಗಿಡ್ಡದು. 1819ರಲ್ಲಿ ಕೊಯಮತ್ತೂರಿನ ಕಲೆಕ್ಟರ್ ಜಾನ್ ಸಲಿವನ್ ಬೆಟ್ಟವೇರಿ ಬಂದ, ಇಲ್ಲಿಯ ತಂಪಿಗೆ ಮಾರುಹೋದ, ಕಲ್ಲಿನ ಮನೆ ಕಟ್ಟಿಸಿದ, ಊಟಿ ಹುಟ್ಟಿತು. ಈ ಕಥೆಯನ್ನು ಓದಿದವನಿಗೆ ಸಲಿವನ್ ಬರುವ ಮೊದಲು ಅಲ್ಲಿ ಹುಲ್ಲುಗಾವಲು, ಮಂಜುಗಳ ಹೊರತು ಬೇರೇನೂ ಇರಲಿಲ್ಲವೆಂಬ ಭಾವನೆ ಬಂದರೆ ಅವನ ತಪ್ಪಲ್ಲ. ಆದರೆ ಐರೋಪ್ಯರು ಬೆಟ್ಟದ ಮೇಲೆ ಮೊದಲು ಬಿಡಾರ ಹೂಡಿದ್ದು ಕೋತಗಿರಿಯ ಬಳಿಯ ದಿಂಹಟ್ಟಿಯಲ್ಲಿ. ಆ ಹೆಸರಿನ ಕೊನೆಯ ಎರಡು ಅಕ್ಷರಗಳೇ ಬೇರೊಂದು ಇತಿಹಾಸವನ್ನು ಹೇಳುತ್ತವೆ. ಕನ್ನಡ ಐಚ್ಛಿಕ ವಿದ್ಯಾರ್ಥಿ ಭಾಷಾಚರಿತ್ರೆಯ ತರಗತಿಯಲ್ಲಿ ಕಲಿತದ್ದನ್ನು ಇಷ್ಟು ನೇರವಾಗಿ ಬಳಸಬಲ್ಲ ಬೆಟ್ಟದ ಪ್ರವಾಸ ಇನ್ನೊಂದು ಸಿಗುವುದು ಕಷ್ಟ.

ಮೈಸೂರಿನಿಂದ ಗುಂಡ್ಲುಪೇಟೆ, ಬಂಡೀಪುರಗಳನ್ನು ದಾಟಿದರೆ ತಮಿಳುನಾಡಿನ ಗಡಿ. ತೆಪ್ಪಕಾಡಿನಲ್ಲಿ ದಾರಿ ಕವಲೊಡೆಯುತ್ತದೆ. ಒಂದು ಗೂಡಲೂರಿನ ಮೂಲಕ ಸುತ್ತಿ ಹೋಗುತ್ತದೆ. ಇನ್ನೊಂದು ಮಸಿನಗುಡಿಯ ಮೇಲಿಂದ 36 ಹೇರ್‌ಪಿನ್ ತಿರುವುಗಳ ಕಲ್ಹಟ್ಟಿ ಘಾಟನ್ನು ಏರುತ್ತದೆ. ಫಲಕಗಳ ಲಿಪಿ ತಮಿಳಾದರೂ ಅವುಗಳಲ್ಲಿರುವ ಗುಡಿ, ಕಲ್ಲು, ಹಟ್ಟಿಗಳನ್ನು ಅರ್ಥಮಾಡಿಕೊಳ್ಳಲು ಕನ್ನಡಿಗನಿಗೆ ನಿಘಂಟು ಬೇಡ. ಫಲಕ ಒಂದು ಭಾಷೆಯದು, ಹೆಸರು ಇನ್ನೊಂದರದು ಎಂಬ ಸ್ಥಿತಿ ಸೊಲ್ಲಾಪುರ, ಅಕ್ಕಲಕೋಟೆ, ಜತ್ತಗಳ ಕಡೆಯ ವಿದ್ಯಾರ್ಥಿಗೆ ಹೊಸದೂ ಅಲ್ಲ. ನಾಗಣಸೂರ, ಕರಜಗಿ, ಮೈಂದರ್ಗಿ ಎಂಬ ಹೆಸರುಗಳನ್ನು ದೇವನಾಗರಿಯಲ್ಲಿ ಓದುತ್ತಲೇ ಅವನು ಬೆಳೆದಿರುತ್ತಾನೆ.

ಇಲ್ಲಿ ‘ಹಟ್ಟಿ’ ಎಂಬ ಪದದ ಬಳಿ ಸ್ವಲ್ಪ ಹೊತ್ತು ನಿಲ್ಲಬೇಕು. ಹಳಗನ್ನಡದ ಪಕಾರ ಮುಂದೆ ಹಕಾರವಾದುದನ್ನು ವಿದ್ಯಾರ್ಥಿಗಳು ಬಲ್ಲರು: ಪಾಲು ಹಾಲಾಯಿತು, ಪುಲಿ ಹುಲಿಯಾಯಿತು. ಹಾಗೆಯೇ ದನಕರುಗಳನ್ನು ಕೂಡುವ ‘ಪಟ್ಟಿ’ ಹಟ್ಟಿಯಾಯಿತು. ತಮಿಳು ಆ ಪಕಾರವನ್ನು ಇಂದಿಗೂ ಉಳಿಸಿಕೊಂಡಿದೆ. ಉಸಿಲಂಪಟ್ಟಿ, ಕೋವಿಲ್‌ಪಟ್ಟಿಗಳಲ್ಲಿರುವುದು ಇದೇ ಪದ. ದಕ್ಷಿಣದ ಬಯಲಿನಲ್ಲಿ ಪಟ್ಟಿಯಾಗಿರುವುದು ನೀಲಗಿರಿಯ ನೆತ್ತಿಯ ಮೇಲೆ ಹಟ್ಟಿಯಾಗಿದೆ. ದೀಪಾವಳಿಯ ಪಾಡ್ಯದಂದು ಸಗಣಿಯಿಂದ ಹಟ್ಟೆವ್ವನನ್ನು ಮಾಡಿ ಪೂಜಿಸುವ ಉತ್ತರ ಕರ್ನಾಟಕದ ಮನೆಗಳಲ್ಲಿಯೂ ಉಳಿದಿರುವುದು ಅದೇ ಹಟ್ಟಿ. ನೀಲಗಿರಿಯಲ್ಲಿ ಈ ಪದವನ್ನು ಊರಿಗೆ ಬಳಸುವವರು ಬಡಗರು. ‘ಬಡಗ’ ಎಂದರೆ ಬಡಗಣ ದಿಕ್ಕಿನವನು, ಉತ್ತರದಿಂದ ಬಂದವನು. ವಿಜಯನಗರದ ಪತನದ ತರುವಾಯ ಮೈಸೂರು ಸೀಮೆಯಿಂದ ಬೆಟ್ಟವೇರಿ ಬಂದವರು ತಾವೆಂಬುದು ಅವರಲ್ಲಿ ಬಹುವಾಗಿ ಪ್ರಚಲಿತವಿರುವ ಐತಿಹ್ಯ. 1603ರಲ್ಲಿ ಮಲಬಾರಿನ ಕಡೆಯಿಂದ ಬೆಟ್ಟವೇರಿದ ಪಾದ್ರಿ ಫೆನಿಸಿಯೋ ತನ್ನ ವರದಿಯಲ್ಲಿ ತೋಡರೊಡನೆ ಬಡಗರನ್ನೂ ಹೆಸರಿಸಿದ್ದಾನೆ. ಸಲಿವನ್ ಬರುವ ಎರಡು ಶತಮಾನಗಳ ಹಿಂದೆಯೇ ಅಲ್ಲಿ ಹಟ್ಟಿಗಳಿದ್ದವು.

ಬೆಟ್ಟದ ಹೆಸರು ಬರಹಕ್ಕೆ ಬಂದದ್ದಂತೂ ಇನ್ನೂ ಹಿಂದೆ, ಅದೂ ಕನ್ನಡ ನಾಡಿನ ಶಾಸನದಲ್ಲಿ. ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಪುಣಿಸನ ಪರಾಕ್ರಮವನ್ನು ವರ್ಣಿಸುವ, 1117ರ ಚಾಮರಾಜನಗರದ ಶಾಸನವು ಅವನು ತೋಡರನ್ನು ಬೆದರಿಸಿ ನೀಲಗಿರಿಯನ್ನು ಹೊಕ್ಕನೆಂದು ಹೇಳುತ್ತದೆ. ಪ್ರಶಸ್ತಿ ಶಾಸನಗಳಲ್ಲಿ ಉತ್ಪ್ರೇಕ್ಷೆ ಸಹಜ. ಆದರೂ ತೋಡರ ಮತ್ತು ನೀಲಗಿರಿಯ ಮೊದಲ ಲಿಖಿತ ಉಲ್ಲೇಖವಾಗಿ ಇದಕ್ಕೆ ವಿದ್ವಾಂಸರಲ್ಲಿ ಮಹತ್ವದ ಸ್ಥಾನವಿದೆ.

ದೊಡ್ಡಬೆಟ್ಟ ಊಟಿಯಿಂದ ಸುಮಾರು 10 ಕಿಲೋಮೀಟರ್. ಎತ್ತರ 2,637 ಮೀಟರ್. ನೀಲಗಿರಿಯಲ್ಲಿ ಇದಕ್ಕಿಂತ ಎತ್ತರದ ಶಿಖರವಿಲ್ಲ. ಸಮುದ್ರಮಟ್ಟದಿಂದ ಸುಮಾರು 450 ಮೀಟರ್ ಎತ್ತರದ ಸೊಲ್ಲಾಪುರದಿಂದ ಹೋದವರಿಗೆ ಮೊದಲ ದಿನ ನಾಲ್ಕು ಹೆಜ್ಜೆಗೆ ಉಸಿರು ಕಟ್ಟಿದಂತಾದರೆ ಆಶ್ಚರ್ಯವಿಲ್ಲ. ನೆತ್ತಿಯವರೆಗೆ ಟಾರು ರಸ್ತೆಯಿದ್ದು ಬಹುತೇಕರು ವಾಹನದಲ್ಲಿಯೇ ಹೋಗುತ್ತಾರೆ. ಅಲ್ಲಿ ದೂರದರ್ಶಕಕ್ಕಾಗಿ ಸಾಲುಗಟ್ಟುವುದಕ್ಕಿಂತ ಫಲಕವನ್ನು ಗಮನಿಸುವುದು ಹೆಚ್ಚು ಫಲದಾಯಕ. ತಮಿಳು ಲಿಪಿಯಲ್ಲಿ ತಕಾರ–ದಕಾರಗಳಿಗೆ ಒಂದೇ ಅಕ್ಷರ, ಪಕಾರ–ಬಕಾರಗಳಿಗೂ ಒಂದೇ. ಆದ್ದರಿಂದ ಅಕ್ಷರಕ್ಕೆ ಅಕ್ಷರವಿಟ್ಟು ಓದಿದರೆ ಅಲ್ಲಿರುವುದು ‘ತೊಟ್ಟಪೆಟ್ಟಾ’. ಕೊನೆಯ ದೀರ್ಘ ಇಂಗ್ಲಿಷ್ ಕಾಗುಣಿತದ ಕೊಡುಗೆ. ಅರ್ಥವನ್ನಷ್ಟೇ ತಮಿಳಿಗೆ ತಂದಿದ್ದರೆ ‘ಪೆರಿಯ ಮಲೈ’ ಎಂದಾಗುತ್ತಿತ್ತು, ಹಾಗಾಗಲಿಲ್ಲ. ಆಳುವವರು ಬದಲಾದರು, ಲಿಪಿ ಬದಲಾಯಿತು, ಬೆಟ್ಟ ಮಾತ್ರ ದೊಡ್ಡಬೆಟ್ಟವಾಗಿಯೇ ಉಳಿಯಿತು.

ಹೆಸರುಗಳ ಪದರಗಳನ್ನು ಒಂದೇ ಸಾಲಿನಲ್ಲಿ ಕಾಣಬೇಕೆಂದರೆ ರೈಲು ಹತ್ತಬೇಕು. ಮೆಟ್ಟುಪಾಳ್ಯದಿಂದ ಕೂನೂರಿನವರೆಗೆ 1899ರಲ್ಲಿಯೂ ಅಲ್ಲಿಂದ ಊಟಿಗೆ 1908ರಲ್ಲಿಯೂ ತೆರೆದ ಈ 46 ಕಿಲೋಮೀಟರ್ ಮೀಟರ್‌ಗೇಜ್ ದಾರಿ 2005ರಿಂದ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಯಲ್ಲಿದೆ. ಕಲ್ಲಾರಿನಿಂದ ಕೂನೂರಿನವರೆಗೆ ಹಳಿಗಳ ನಡುವೆ ಹಲ್ಲುಪಟ್ಟಿಯನ್ನು ಹಾಕಿದ್ದಾರೆ. ಎಂಜಿನ್ನಿನ ಹಲ್ಲುಚಕ್ರ ಅದನ್ನು ಕಚ್ಚಿಕೊಂಡು 12 ಅಡಿಗೆ 1 ಅಡಿಯಂತೆ ಮೇಲೇರುತ್ತದೆ. ನಿಲ್ದಾಣಗಳು ಹೀಗೆ: ಕಲ್ಲಾರು, ಆಡರ್ಲಿ, ಹಿಲ್‌ಗ್ರೋವ್, ರನ್ನಿಮೀಡ್, ಕಾಟೇರಿ ರೋಡ್, ಕೂನೂರು, ವೆಲಿಂಗ್ಟನ್, ಅರುವಂಕಾಡು, ಕೇತಿ, ಲವ್‌ಡೇಲ್, ಊಟಿ. ಇಂಗ್ಲೆಂಡಿನ ನೆನಪಿನ ಹೆಸರುಗಳ ನಡುವೆ ಕಾಟೇರಿ, ಕೇತಿ ಎಂಬ ಬಡಗರ ಊರುಗಳು ಹಳೆಯ ಗೋಡೆಯ ಕಲ್ಲುಗಳಂತೆ ಇಣುಕುತ್ತವೆ. ಕೇತಿಯಲ್ಲಿ ರೈಲು ನಿಂತಾಗ ಕೆಳಗಿನ ಕಣಿವೆಯನ್ನು ನೋಡಿದರೆ ಮೆಟ್ಟಿಲು ಹೊಲಗಳ ನಡುವೆ ಸಾಲುಮನೆಗಳ ಹಟ್ಟಿಗಳು ಕಾಣುತ್ತವೆ. ಬಹುತೇಕ ಪ್ರವಾಸಿಗರು ಆ ಹೊತ್ತಿನಲ್ಲಿ ಕಿಟಕಿಗೆ ಬೆನ್ನು ಮಾಡಿ ತಮ್ಮ ಚಿತ್ರ ತೆಗೆದುಕೊಳ್ಳುತ್ತಿರುತ್ತಾರೆ.

ಹೀಗೆಂದು ಕಂಡದ್ದನ್ನೆಲ್ಲ ಕನ್ನಡವೆಂದು ಬಗೆಯುವುದೂ ಸಲ್ಲದು. ಕೋತಗಿರಿಯ ‘ಗಿರಿ’ ಪರ್ವತವಲ್ಲ, ಅದು ‘ಕೇರಿ’. ಕೋತರು ವಾಸಿಸುವ ಕೇರಿ ಕೋತಕೇರಿ. ಬರಹದಲ್ಲಿ ಅದು ಸಂಸ್ಕೃತದ ವೇಷ ತೊಟ್ಟಿತು. ‘ಉದಕಮಂಡಲ’ದ ವೇಷ ಇನ್ನೂ ಭರ್ಜರಿಯಾದುದು. ಉದಕ, ಮಂಡಲ ಎಂದು ಸಮಾಸ ಬಿಡಿಸಿ ನೀರಿನ ನಾಡೆಂದು ಅರ್ಥ ಹೇಳುವವರಿಗೆ ಕೊರತೆಯಿಲ್ಲ. ಊಟಕಮಂಡ್ ಎಂಬ ಹಳೆಯ ರೂಪದ ಕೊನೆಯಲ್ಲಿರುವುದು ಮಂಡಲವಲ್ಲ, ಎಮ್ಮೆ ಸಾಕುವ ತೋಡರ ವಸತಿಯಾದ ‘ಮಂದು’. ಕುಂಬಾರಿಕೆ, ಕಮ್ಮಾರಿಕೆ, ವಾದ್ಯಗಳ ಕೋತರು, ಹೈನಿನ ತೋಡರು, ಕಾಡಿನ ಕುರುಂಬರು, ಬೇಸಾಯದ ಬಡಗರು ತಮ್ಮ ತಮ್ಮ ಪದಾರ್ಥಗಳನ್ನು ವಿನಿಮಯ ಮಾಡಿಕೊಂಡು ಬದುಕಿದ ನೆಲವಿದು. ಹೆಸರುಗಳೂ ಹಾಗೆಯೇ ಕೈಬದಲಾಗಿವೆ.

ಬಡಗರ ನುಡಿಯ ವಿಷಯದಲ್ಲಂತೂ ಹೆಚ್ಚಿನ ಎಚ್ಚರ ಬೇಕು. 2011ರ ಜನಗಣತಿ ಬಡಗವನ್ನು ಕನ್ನಡದ ಅಡಿಯಲ್ಲಿ ಸೇರಿಸಿ, ಅದನ್ನು ತಾಯ್ನುಡಿಯೆಂದು ಹೇಳಿದ 1,33,550 ಜನರನ್ನು ಎಣಿಸಿದೆ. ಅದು ಎಣಿಕೆಯ ಅನುಕೂಲ. ದ್ರಾವಿಡ ಭಾಷಾವಿಜ್ಞಾನಿ ಎಂ. ಬಿ. ಎಮೆನೊ 1939ರಲ್ಲಿ ಬಡಗದ ಸ್ವರಗಳ ಬಗೆಗೆ ಪ್ರಕಟಿಸಿದ ಲೇಖನವು ಬೇರೆಯದೇ ಚಿತ್ರ ಕೊಡುತ್ತದೆ. ಬಾಯಿ, ಬಳೆ, ಬೆಳೆ ಎಂಬ ಕನ್ನಡದ ಮೂರು ಪದಗಳಿಗೆ ಸಂವಾದಿಯಾದ ಬಡಗದ ರೂಪಗಳು ಮೇಲ್ನೋಟಕ್ಕೆ ಒಂದೇ: ಬಕಾರದ ಮೇಲೆ ಎಕಾರ. ವ್ಯತ್ಯಾಸವಿರುವುದು ಸ್ವರದ ಒಳಗೆ. ಬಾಯಿ ಎನ್ನುವಾಗ ಸ್ವರ ಸಾದಾ. ಬಳೆ ಎನ್ನುವಾಗ ನಾಲಿಗೆ ತುಸು ಹಿಂದಕ್ಕೆ ಮಡಚುತ್ತದೆ. ಬೆಳೆ ಎನ್ನುವಾಗ ಇನ್ನಷ್ಟು ಮಡಚುತ್ತದೆ. ಕನ್ನಡದಲ್ಲಿ ವ್ಯಂಜನವಾಗಿ ನಿಂತ ಳಕಾರ ಅಲ್ಲಿ ಕರಗಿ ಸ್ವರದ ಗುಣವಾಗಿದೆ. ಮೂರು ಬಗೆಯ ಇಂಥ ಭೇದ ಲೋಕದ ಭಾಷೆಗಳಲ್ಲಿಯೇ ಅತಿ ವಿರಳ. ಇಂದು ಅನೇಕರ ಮಾತಿನಲ್ಲಿ ಅದು ಮಸುಕಾಗುತ್ತಿದೆ.

ಸೊಲ್ಲಾಪುರದ ಕನ್ನಡವನ್ನು ಕೇಳಿ ‘ಇದು ಮರಾಠಿ ಬೆರೆತ ಕನ್ನಡ’ ಎಂದು ದಕ್ಷಿಣದ ಜಿಲ್ಲೆಗಳವರು ನಗುವುದುಂಟು. ಆ ನಗೆಯ ಕಿರಿಕಿರಿಯನ್ನು ಬಲ್ಲ ವಿದ್ಯಾರ್ಥಿಯೇ ಊಟಿಯ ಬಸ್ಸಿನಲ್ಲಿ ಹಿಂದಿನ ಸೀಟಿನವರ ಮಾತನ್ನು ಅರೆಬರೆ ತಿಳಿದು ‘ಕೆಟ್ಟ ಕನ್ನಡ’ ಎಂದುಬಿಡುವ ಸಂಭವವೂ ಇದೆ. ಎರಡೂ ಒಂದೇ ಅಜ್ಞಾನದ ಮಾತುಗಳು. ಬಡಗವು ಕೆಟ್ಟ ಕನ್ನಡವಲ್ಲ. ಪಕಾರ ಹಕಾರವಾಗುವವರೆಗೆ ಕನ್ನಡದೊಡನೆ ನಡೆದು, ಆಮೇಲೆ ಬೇರೆ ದಾರಿ ಹಿಡಿದ ನುಡಿ. ಹಾಗೆಂದು ‘ಇವರೂ ನಮ್ಮವರೇ, ಇದೂ ನಮ್ಮದೇ’ ಎಂದು ಮುನ್ನುಗ್ಗಿ ಅಪ್ಪಿಕೊಳ್ಳುವುದನ್ನೂ ಬಡಗರು ಮೆಚ್ಚಲೇಬೇಕೆಂದಿಲ್ಲ. ತಮ್ಮನ್ನು ಏನೆಂದು ಕರೆಯಬೇಕೆಂಬುದನ್ನು ಹೇಳುವ ಹಕ್ಕು ಅವರದು.

ನಡೆಯುವ ಹವ್ಯಾಸವುಳ್ಳವರಿಗೆ ಪಟ್ಟಣದಾಚೆ ಅವಲಾಂಚಿ ಕಡೆಯಿಂದ ಕೋಲಾರಿಬೆಟ್ಟ, ದೇವರಬೆಟ್ಟಗಳ ಹಾದಿಗಳಿವೆ. ತಮಿಳುನಾಡು ಅರಣ್ಯ ಇಲಾಖೆ 2024ರಲ್ಲಿ ಆರಂಭಿಸಿದ ಚಾರಣ ಯೋಜನೆಯಲ್ಲಿ ಇವು ಸೇರಿವೆ. ಮುಂಗಡ ನೋಂದಣಿ, ಮಾರ್ಗದರ್ಶಕರಿಲ್ಲದೆ ಕಾಡು ಹೊಗುವಂತಿಲ್ಲ. ಅಲ್ಲಿಯ ನೆಲ ಮಡಿಕೆ ಮಡಿಕೆಯಾಗಿದೆ: ದಿಬ್ಬದ ಮೇಲೆ ಹುಲ್ಲು, ಕಣಿವೆಯ ತಗ್ಗಿನಲ್ಲಿ ಗಿಡ್ಡ ಮರಗಳ ಶೋಲಾ ಕಾಡು. ಮಳೆಯ ನೀರನ್ನು ಹಿಡಿದಿಟ್ಟು ತೊರೆಗಳಿಗೆ ವರ್ಷವಿಡೀ ಉಣಿಸುವುದು ಈ ಜೋಡಿ. ಊಟಿಯ ಸುತ್ತ ಕಾಣುವ ನೆಟ್ಟನೆಯ, ತೊಗಟೆ ಸುಲಿದ ಮರಗಳಿಗೆ ಕನ್ನಡದಲ್ಲಿಯೂ ಮರಾಠಿಯಲ್ಲಿಯೂ ‘ನೀಲಗಿರಿ’ಯೆಂದೇ ಹೆಸರು. ಆದರೆ ಅವು ಈ ಬೆಟ್ಟದ ಮರಗಳಲ್ಲ. 19ನೇ ಶತಮಾನದಲ್ಲಿ ಸೌದೆಗಾಗಿ ಆಸ್ಟ್ರೇಲಿಯಾದಿಂದ ತಂದು ನೆಟ್ಟವು. ಬೆಟ್ಟದ ಹೆಸರನ್ನು ಹೊರಗಿನ ಮರಕ್ಕೆ ಕೊಟ್ಟು, ಬೆಟ್ಟದ ಸ್ವಂತ ಕಾಡಿಗೆ ಕನ್ನಡದಲ್ಲಿ ನೆನಪಿನಲ್ಲುಳಿಯುವ ಒಂದು ಹೆಸರನ್ನೂ ಕೊಡದೆ ಇರುವುದು ವಿಚಿತ್ರವೇ ಸರಿ.

ಹೊರಡುವ ಕಾಲದ ಬಗೆಗೆ ಒಂದು ಮಾತು. ದೀಪಾವಳಿಯ ರಜೆಯಲ್ಲಿ ಹೋಗುವುದು ಕಾಲೇಜುಗಳ ರೂಢಿ. ಆದರೆ ಅಕ್ಟೋಬರ್–ನವೆಂಬರ್ ಈಶಾನ್ಯ ಮಾರುತದ ಕಾಲ. ಮೆಟ್ಟುಪಾಳ್ಯ–ಕೂನೂರು ನಡುವೆ ಹಳಿಯ ಮೇಲೆ ಮಣ್ಣು ಕುಸಿದು ರೈಲು ರದ್ದಾಗುವುದು ಹೆಚ್ಚಾಗಿ ಆಗಲೇ. ಏಪ್ರಿಲ್–ಮೇ ತಿಂಗಳಲ್ಲಿ ಜನಜಂಗುಳಿ. ಮದ್ರಾಸ್ ಹೈಕೋರ್ಟಿನ ಆದೇಶದಂತೆ 2024ರ ಮೇ ತಿಂಗಳಿನಿಂದ ನೀಲಗಿರಿಗೆ ಹೋಗುವ ವಾಹನಗಳಿಗೆ ಇ-ಪಾಸ್ ಬೇಕು. ಬಂಡೀಪುರದ ರಸ್ತೆ ರಾತ್ರಿ 9ರಿಂದ ಬೆಳಗಿನ 6ರವರೆಗೆ ಮುಚ್ಚಿರುತ್ತದೆ. ಡಿಸೆಂಬರ್ ಕೊನೆ, ಜನವರಿಯ ಮೊದಲ ವಾರಗಳು ಎಲ್ಲಕ್ಕಿಂತ ಮೇಲು. ಬೆಳಗಿನ ಜಾವ ಹುಲ್ಲಿನ ಮೇಲೆ ಇಬ್ಬನಿ ಹೆಪ್ಪುಗಟ್ಟಿ ಬೆಳ್ಳಗಾಗಿರುತ್ತದೆ, ಆಕಾಶ ತಿಳಿಯಾಗಿರುತ್ತದೆ. ಬಡಗರು ತಮ್ಮ ಕುಲದ ಅಜ್ಜಿಯೆಂದು ನಂಬುವ ಹೆತ್ತೆಯ ಹಬ್ಬ ಬರುವುದೂ ಆ ದಿನಗಳಲ್ಲಿಯೇ. ಬಿಳಿಯ ವಸ್ತ್ರ ಹೊದ್ದ ಜನ ಹಟ್ಟಿ ಹಟ್ಟಿಗಳಿಂದ ನಡೆದು ಬರುತ್ತಾರೆ. ಆ ಜಾತ್ರೆಯನ್ನು ಅವರು ‘ಹೆತ್ತೆ ಹಬ್ಬ’ವೆಂದೇ ಕರೆಯುತ್ತಾರೆ.