ಆಫೀಸಿನ ಮೆಸೇಜ್ ಸರ್ವರ್‌ಗೆ ಹೊರಗಿನಿಂದ ಲಾಗಿನ್ ಆಗ್ತಿಲ್ಲವೇ? ಪಾಸ್‌ವರ್ಡ್ ಬದಲಿಸುವ ಮೊದಲು ಇದನ್ನು ನೋಡಿ

ನಾನು ಓದಿದ್ದು ಬಿ.ಕಾಂ. ಕಂಪ್ಯೂಟರ್ ಇಂಜಿನಿಯರ್ ಅಲ್ಲ. ಬೇರಿಕೆಯಲ್ಲಿ ಪ್ಯಾಕಿಂಗ್ ಸಾಮಾನಿನ ಸಣ್ಣ ವ್ಯಾಪಾರ ನನ್ನದು. ಈ ಭಾಗದಲ್ಲಿ ಗುಲಾಬಿ ಬೆಳೆಯುವವರು ಜಾಸ್ತಿ, ಫೆಬ್ರವರಿ ಬಂದರೆ ರಟ್ಟಿನ ಪೆಟ್ಟಿಗೆಗೆ ಎಲ್ಲಿಲ್ಲದ ಬೇಡಿಕೆ. ನನಗೆ ಮಾಲು ಕೊಡುವ ಹೊಸೂರಿನ ಸಗಟು ಕಂಪೆನಿಯವರು ಆರ್ಡರ್, ಸ್ಟಾಕ್, ರೇಟು ಎಲ್ಲವನ್ನೂ ತಮ್ಮದೇ ಚಾಟ್ ಸರ್ವರ್‌ನಲ್ಲಿ ನಡೆಸುತ್ತಾರೆ. ಓಪನ್‌ಫೈರ್ ಎಂಬ ಉಚಿತ ಸಾಫ್ಟ್‌ವೇರ್ ಅದು, ಆಫೀಸಿನ ಒಂದು ಹಳೇ ಕಂಪ್ಯೂಟರಿನಲ್ಲಿ ಓಡುತ್ತದೆ. ವಾಟ್ಸಾಪ್ ಸಾಲದೇ ಎಂದು ನಾನೂ ಕೇಳಿದ್ದೆ. ಕೆಲಸ ಬಿಟ್ಟು ಹೋದವನ ಫೋನಿನಲ್ಲಿ ನಮ್ಮ ರೇಟು ಲಿಸ್ಟ್ ಉಳಿಯಬಾರದು ಅಂದರು. ಮಾತು ಸರಿಯೇ.

ಸೀಸನ್ ಹೊತ್ತಿನಲ್ಲೇ ಮೂರು ದಿನ ನನ್ನ ಅಂಗಡಿಯಿಂದ ಲಾಗಿನ್ ಆಗಲಿಲ್ಲ. ಒಂದು ದೊಡ್ಡ ಆರ್ಡರ್ ಕೈತಪ್ಪಿತು. ನಾನು ಮಾಡಿದ ತಪ್ಪೇನೆಂದರೆ, ಮೂರು ಸಲ ಪಾಸ್‌ವರ್ಡ್ ಬದಲಿಸಿದ್ದು. ಪರದೆ ಮೇಲೆ ಬರುತ್ತಿದ್ದದ್ದು 'ಸರ್ವರ್ ಸಿಗುತ್ತಿಲ್ಲ' ಎಂಬ ಸಂದೇಶ. 'ಯೂಸರ್‌ನೇಮ್ ಅಥವಾ ಪಾಸ್‌ವರ್ಡ್ ತಪ್ಪು' ಎಂದು ಬಂದರೆ ನೀವು ಬಾಗಿಲವರೆಗೆ ತಲುಪಿದ್ದೀರಿ, ಕೀಲಿ ಸರಿಯಿಲ್ಲ ಎಂದರ್ಥ. 'ಸಿಗುತ್ತಿಲ್ಲ' ಎಂದರೆ ಬಾಗಿಲೇ ಸಿಕ್ಕಿಲ್ಲ. ಆಗ ಪಾಸ್‌ವರ್ಡ್ ಮುಟ್ಟಿ ಏನೂ ಪ್ರಯೋಜನವಿಲ್ಲ.

ಲ್ಯಾಪ್‌ಟಾಪ್ ಹಿಡ್ಕೊಂಡು ಹೊಸೂರಿನ ಆಫೀಸಿಗೇ ಹೋದೆ. ಅಲ್ಲಿಯ ವೈಫೈನಲ್ಲಿ ತಕ್ಷಣ ಲಾಗಿನ್ ಆಯಿತು! ಅಲ್ಲಿಗೆ ಖಾತೆ ಸರಿ, ಸರ್ವರ್ ಸರಿ, ದಾರಿ ಮಾತ್ರ ಕೆಟ್ಟಿದೆ ಎಂದು ಗೊತ್ತಾಯಿತು. ಈ ಒಂದು ಪರೀಕ್ಷೆಯನ್ನು ಮೊದಲ ದಿನವೇ ಮಾಡಿದ್ದರೆ ಆರ್ಡರ್ ಉಳಿಯುತ್ತಿತ್ತು. ಆದರೆ ಹೊರಗಿನ ದಾರಿ ಪರೀಕ್ಷಿಸುವಾಗ ಆಫೀಸಿನ ವೈಫೈನಲ್ಲಿ ಕೂತು ಮಾಡಬೇಡಿ, ಮೊಬೈಲ್ ಡೇಟಾದಲ್ಲಿ ನೋಡಿ. ಒಳಗೆ ಕೂತು ಹೊರಗಿನ ವಿಳಾಸ ಹಾಕಿದರೆ ಕೆಲವು ರೂಟರ್‌ಗಳು ಒಪ್ಪುವುದಿಲ್ಲ.

ಇನ್ನು ವಿಳಾಸದ ವಿಷಯ. 192.168, 10, ಅಥವಾ 172.16ರಿಂದ 172.31ರವರೆಗಿನ ಸಂಖ್ಯೆಯಿಂದ ಶುರುವಾಗುವ ಐಪಿ ವಿಳಾಸ ಆಫೀಸಿನ ಒಳಗೆ ಮಾತ್ರ ನಡೆಯುತ್ತದೆ. ಅದನ್ನು ಮನೆಯಿಂದ ಹಾಕಿದರೆ ಎಲ್ಲಿಗೂ ಹೋಗುವುದಿಲ್ಲ. ಹೊರಗಿನವರಿಗೆ ಪಬ್ಲಿಕ್ ಐಪಿ ಬೇಕು. ಅಲ್ಲಿಗೆ ಬಂದವರನ್ನು ರೂಟರ್ ಒಳಗಿನ ಸರ್ವರ್‌ಗೆ ಕಳಿಸಬೇಕು. ಇದಕ್ಕೆ ಪೋರ್ಟ್ ಫಾರ್ವರ್ಡಿಂಗ್ ಅಂತಾರೆ. ಓಪನ್‌ಫೈರ್‌ನಂಥ ಜ್ಯಾಬರ್ ಮಾದರಿಯ ಸರ್ವರ್‌ಗಳಲ್ಲಿ ಬಳಕೆದಾರರ ಬಾಗಿಲು 5222.

ನಮ್ಮ ಆಫೀಸಿನವರು ಜನವರಿಯಲ್ಲಿ ಕಡಿಮೆ ದರದ ಬೇರೆ ಇಂಟರ್‌ನೆಟ್ ಕನೆಕ್ಷನ್ ಹಾಕಿಸಿಕೊಂಡಿದ್ದರಂತೆ. ಸರ್ವರ್‌ನ ಹೆಸರು ಇನ್ನೂ ಹಳೇ ಐಪಿಯನ್ನೇ ತೋರಿಸುತ್ತಿತ್ತು. ಸರಿ, ಹೊಸದನ್ನು ಹಾಕೋಣ ಎಂದು ರೂಟರ್ ತೆರೆದರೆ ಅದರ ವ್ಯಾನ್ ಐಪಿ 100.72 ಎಂದು ಶುರು. ಬ್ರೌಸರಿನಲ್ಲಿ 'ನನ್ನ ಐಪಿ ಏನು' ಎಂದು ನೋಡಿದರೆ ಬೇರೆಯದೇ ಸಂಖ್ಯೆ. ಈ ಎರಡು ಸಂಖ್ಯೆ ಹೊಂದದಿದ್ದರೆ, ಅದರಲ್ಲೂ ರೂಟರಿನದ್ದು 100.64ರಿಂದ 100.127ರೊಳಗೆ ಇದ್ದರೆ, ನಿಮ್ಮದು ಸಿಜಿನ್ಯಾಟ್ ಕನೆಕ್ಷನ್. ಅಂದರೆ ಕಂಪೆನಿ ಒಂದೇ ಪಬ್ಲಿಕ್ ಐಪಿಯನ್ನು ತುಂಬಾ ಗ್ರಾಹಕರಿಗೆ ಹಂಚಿದೆ. ಹಳೇ ಮಾದರಿಯ ಐಪಿ ವಿಳಾಸಗಳ ಜಾಗತಿಕ ದಾಸ್ತಾನು 2011ರ ಫೆಬ್ರವರಿಯಲ್ಲೇ ಖಾಲಿಯಾಗಿದೆ. ಹಂಚದೆ ಅವರಿಗೂ ಬೇರೆ ದಾರಿಯಿಲ್ಲ. ಆದರೆ ಕನೆಕ್ಷನ್ ಮಾರುವಾಗ ಇದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಇಂಥ ಲೈನಿನಲ್ಲಿ ನಿಮ್ಮ ರೂಟರಿನಲ್ಲಿ ಎಷ್ಟು ಪೋರ್ಟ್ ಫಾರ್ವರ್ಡ್ ಮಾಡಿದರೂ ಗಾಳಿಗೆ ಗುದ್ದಿದ ಹಾಗೆ.

ಉಳಿದದ್ದು ಎರಡು ದಾರಿ. ತಿಂಗಳಿಗೆ ಹೆಚ್ಚು ಕೊಟ್ಟು ಸ್ಟಾಟಿಕ್ ಐಪಿ ತೆಗೆದುಕೊಳ್ಳುವುದು, ಇಲ್ಲವೇ ವಿಪಿಎನ್. ನಾವು ಟೇಲ್‌ಸ್ಕೇಲ್ ಎಂಬ ವಿಪಿಎನ್ ಹಾಕಿದೆವು, ಅದು ಸಿಜಿನ್ಯಾಟ್ ಹಿಂದೆಯೂ ನಡೆಯುತ್ತದೆ. ವಿಪಿಎನ್ ಕನೆಕ್ಟ್ ಆಯಿತು, ಲಾಗಿನ್ ಮಾತ್ರ ಆಗಲಿಲ್ಲ! ಯಾಕೆಂದರೆ ನನ್ನ ಸ್ಪಾರ್ಕ್ ಆ್ಯಪ್ ಇನ್ನೂ ಹಳೇ ಹೆಸರನ್ನೇ ಹುಡುಕಿಕೊಂಡು ಹೊರಗೆ ಹೋಗುತ್ತಿತ್ತು. ಅಡ್ವಾನ್ಸ್ಡ್ ಸೆಟ್ಟಿಂಗಿಗೆ ಹೋಗಿ, ಹೋಸ್ಟ್ ಮತ್ತು ಪೋರ್ಟ್ ತಾನಾಗಿ ಹುಡುಕುವ ಟಿಕ್ ತೆಗೆದು, ಹೋಸ್ಟ್ ಜಾಗದಲ್ಲಿ ಸರ್ವರ್‌ನ ವಿಪಿಎನ್ ವಿಳಾಸ ಹಾಕಬೇಕು. ಡೊಮೇನ್ ಹೆಸರನ್ನು ಮಾತ್ರ ಬದಲಿಸಬಾರದು. ಅದು ನಿಮ್ಮ ಖಾತೆಯದ್ದೇ ಭಾಗ, ಸರ್ಟಿಫಿಕೇಟ್ ಇರುವುದೂ ಅದೇ ಹೆಸರಿಗೆ. ಕೊನೆಗೆ ವಿಂಡೋಸ್ ಫೈರ್‌ವಾಲ್ ಒಂದು ಬಾಕಿ ಇತ್ತು. ವಿಪಿಎನ್ ಅನ್ನು ಅದು ಹೊಸ ನೆಟ್‌ವರ್ಕ್ ಎಂದು ತಿಳಿದು 5222 ಅನ್ನು ತಡೆದಿತ್ತು. ಅಲ್ಲಿ ಅನುಮತಿ ಕೊಟ್ಟ ಮೇಲೆ ಹಸಿರು ದೀಪ ಬಂತು.

ಈ ಗಡಿಬಿಡಿಯಲ್ಲಿ ಪರಿಚಯದ ಹುಡುಗನೊಬ್ಬ 'ಎಲ್ಲಾ ಪೋರ್ಟ್ ತೆರೆದುಬಿಡಿ, ತಲೆಬಿಸಿ ಯಾಕೆ' ಅಂದಿದ್ದ. ದಯವಿಟ್ಟು ಹಾಗೆ ಮಾಡಬೇಡಿ. ಓಪನ್‌ಫೈರ್‌ನ ಅಡ್ಮಿನ್ ಪುಟ 9090 ಮತ್ತು 9091ರಲ್ಲಿರುತ್ತದೆ. 2023ರಲ್ಲಿ ಆ ಪುಟದಲ್ಲಿ ಪಾಸ್‌ವರ್ಡ್ ಇಲ್ಲದೆಯೇ ಒಳಗೆ ನುಗ್ಗಬಹುದಾದ ದೋಷ ಸಿಕ್ಕಿತು, ಕಳ್ಳರು ಅದನ್ನು ಬಳಸಿಯೂ ಬಿಟ್ಟರು. 4.6.8 ಮತ್ತು 4.7.5 ಆವೃತ್ತಿಗಳಲ್ಲಿ ಅದನ್ನು ಸರಿಮಾಡಿದ್ದಾರೆ. ನಮ್ಮ ಆಫೀಸಿನದ್ದು ಅದಕ್ಕಿಂತ ಹಳೇದಿತ್ತು, ಅದೇ ದಿನ ಅಪ್‌ಡೇಟ್ ಮಾಡಿಸಿದೆವು.

ಗಲ್ಫ್‌ನಲ್ಲಿರುವ ನಮ್ಮ ಹುಡುಗರಿಗೆ ಒಂದು ಮಾತು. ಊರಿನ ಕಂಪೆನಿಯ ಲೆಕ್ಕಪತ್ರವನ್ನು ದುಬೈಯಿಂದ ನೋಡಿಕೊಳ್ಳುವವರು ಈಗ ನಮ್ಮಲ್ಲಿ ಇದ್ದಾರೆ. ಯುಎಇಯಲ್ಲಿ ಕಂಪೆನಿಗಳು ತಮ್ಮ ಒಳ ಕೆಲಸಕ್ಕೆ ವಿಪಿಎನ್ ಬಳಸುವುದಕ್ಕೆ ತಡೆಯಿಲ್ಲ. ಆದರೆ ಐಪಿ ಮರೆಮಾಚಿ ಅಪರಾಧ ಮಾಡಿದರೆ 2021ರ ಸೈಬರ್ ಕಾನೂನಿನ ಪ್ರಕಾರ 5 ಲಕ್ಷದಿಂದ 20 ಲಕ್ಷ ದಿರ್ಹಮ್‌ವರೆಗೆ ದಂಡವಿದೆ. ಆಫೀಸಿನ ವಿಪಿಎನ್ ಇದೆ ಎಂದು ಅದರಲ್ಲೇ ತಡೆಹಿಡಿದ ಕಾಲಿಂಗ್ ಆ್ಯಪ್ ನಡೆಸಲು ಹೋಗಬೇಡಿ. ಕಂಪೆನಿಯಿಂದ ಒಂದು ಲಿಖಿತ ಅನುಮತಿ ಇಟ್ಟುಕೊಂಡರೆ ಒಳ್ಳೇದು.

ಐಟಿಯವರಿಗೆ ಫೋನ್ ಮಾಡುವಾಗ ಬರೀ 'ಆಗ್ತಿಲ್ಲ' ಎನ್ನಬೇಡಿ. ಪರದೆ ಮೇಲೆ ಬಂದ ಸಾಲು ಯಾವುದು, ಆಫೀಸಿನೊಳಗೆ ಆಗುತ್ತದೆಯೇ, ಮೊಬೈಲ್ ಡೇಟಾದಲ್ಲಿ ಆಗುತ್ತದೆಯೇ, ಇತ್ತೀಚೆಗೆ ರೂಟರ್ ಅಥವಾ ಕನೆಕ್ಷನ್ ಬದಲಾಗಿದೆಯೇ, ಇಷ್ಟು ಹೇಳಿ. ನಾನು ಮೂರು ದಿನ ಹೇಳದೇ ಬಿಟ್ಟದ್ದು ಆ ಕೊನೆಯದನ್ನೇ, ನನಗೂ ಯಾರೂ ಹೇಳಿರಲಿಲ್ಲ.