ಮೆಣಸಿನಕಾಯಿ ಇಲ್ಲದ ರಾಜಭೋಜನ

ಹಂಪಿಯ ಭೋಜನಶಾಲೆ ಎಂದು ಕರೆಯುವ ಜಾಗದಲ್ಲಿ ನೀರಿನ ಕಾಲುವೆಯ ಎರಡೂ ಬದಿಗೆ ಕಲ್ಲಿನ ತಟ್ಟೆಗಳ ಸಾಲಿದೆ. ಅನ್ನಕ್ಕೊಂದು ಅಗಲವಾದ ತಗ್ಗು, ವ್ಯಂಜನಗಳಿಗೆ ಪುಟ್ಟ ಬಟ್ಟಲುಗಳು. ಎಲ್ಲವೂ ಕಲ್ಲಿನಲ್ಲೇ ಕೊರೆದವು. ಅಲ್ಲಿ ಉಂಡವರು ಯಾರೆಂಬುದಕ್ಕೆ ಮಾರ್ಗದರ್ಶಿಗಳು ತಲೆಗೊಂದು ಕಥೆ ಹೇಳುತ್ತಾರೆ. ನನ್ನ ಕುತೂಹಲ ಆ ಬಟ್ಟಲುಗಳಲ್ಲಿ ಏನಿತ್ತೆಂಬುದು.

ಅದೇ ಕುತೂಹಲದಿಂದ ಹೊಸಪೇಟೆಯ ಹೋಟೆಲೊಂದರಲ್ಲಿ 'ವಿಜಯನಗರದ ರಾಜಭೋಜನ'ಕ್ಕೆ ಕುಳಿತೆ. ಬಾಳೆ ಎಲೆಯ ಮೇಲೆ ಟೊಮೆಟೊ ಸಾರು, ಆಲೂಗಡ್ಡೆ ಪಲ್ಯ, ಕೆಂಪಗೆ ಹೊಳೆಯುವ ಬ್ಯಾಡಗಿ ಮೆಣಸಿನ ಗೊಜ್ಜು ಬಂದವು. ಈ ಮೂರರ ಮೂಲವೂ ಅಮೆರಿಕ ಖಂಡ. ಪೋರ್ಚುಗೀಸರ ಹಡಗುಗಳು ತೆರೆದ ದಾರಿಯಲ್ಲಿ ನಮ್ಮಲ್ಲಿಗೆ ಬಂದವು. ಕೃಷ್ಣದೇವರಾಯನ (1509–1529) ಅಡುಗೆಮನೆಯ ಖಾರವೆಂದರೆ ಕಾಳುಮೆಣಸು, ಹಿಪ್ಪಲಿ, ಶುಂಠಿ. ಮೇಲ್ವಿಚಾರಕರಿಗೆ ಇದನ್ನು ತಿಳಿಸಿದೆ. 'ಖಾರ ಇಲ್ದಿದ್ರೆ ಯಾರು ತಿಂತಾರೆ ಸಾರ್?' ಎಂದು ನಕ್ಕರು.

ಊಟ ಪೂರ್ತಿ ಸಸ್ಯಾಹಾರ. ಹದಿನಾರನೆಯ ಶತಮಾನದ ಆರಂಭದಲ್ಲಿ ಮೂರನೆಯ ಮಂಗರಸ ಬರೆದ 'ಸೂಪಶಾಸ್ತ್ರ'ವನ್ನು ಓದಿದವರಿಗೆ ಇದು ಸಹಜವೆನಿಸೀತು. ಬದನೆ, ಬಾಳೆ, ಹಲಸುಗಳ ಪಾಕವನ್ನು ಷಟ್ಪದಿಯಲ್ಲಿ ಹಾಡಿದ ಕವಿ ಆತ. ಆದರೆ ಆತ ಜೈನ. 1530ರ ದಶಕದಲ್ಲಿ ವಿಜಯನಗರದಲ್ಲಿದ್ದ ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಜ್ ಕಂಡದ್ದು ಬೇರೆಯೇ ಪೇಟೆ. ಅರಸರು ಗೋಮಾಂಸವೊಂದನ್ನು ಬಿಟ್ಟು ಕುರಿ, ಹಂದಿ, ಜಿಂಕೆ, ಮೊಲ, ಕವುಜುಗ ಎಲ್ಲವನ್ನೂ ತಿನ್ನುತ್ತಿದ್ದರೆಂದೂ, ಇಲಿ, ಬೆಕ್ಕುಗಳು ಸಹ ಮಾರಾಟಕ್ಕಿದ್ದವೆಂದೂ ಆತ ಬರೆದಿಟ್ಟಿದ್ದಾನೆ. ಬೆಕ್ಕನ್ನು ಬಡಿಸಿರೆಂದು ನಾನು ಕೇಳುತ್ತಿಲ್ಲ. ಆದರೆ ರಾಜನ ಹೆಸರಿಟ್ಟು ರಾಜನ ಎಲೆಯಿಂದ ಮಾಂಸವನ್ನು ಮಾಯಮಾಡುವುದು ಇತಿಹಾಸವನ್ನು ನಮ್ಮ ಮಡಿಗೆ ತಕ್ಕಂತೆ ತೊಳೆದಂತಲ್ಲವೇ?

ಸೋಜಿಗವೆಂದರೆ, ಆ ಕಾಲದ ರುಚಿಯ ಒಂದು ತುಣುಕು ನಮ್ಮ ಮನೆಯಲ್ಲೇ ಇತ್ತು. ಅಪ್ಪನ ಶ್ರಾದ್ಧದ ದಿನ ಮೆಣಸಿನಕಾಯಿ, ಟೊಮೆಟೊ, ಆಲೂಗಡ್ಡೆ ಅಡುಗೆಮನೆಯ ಹೊಸ್ತಿಲು ದಾಟುವುದಿಲ್ಲ. ಕಾಳುಮೆಣಸಿನ ಸಾರು, ಬಾಳೆಕಾಯಿ ಪಲ್ಯ, ಹಾಗಲಕಾಯಿ ಗೊಜ್ಜು, ಎಳ್ಳುಂಡೆ. ಹೊರಗಿನಿಂದ ಬಂದ ತರಕಾರಿಗಳನ್ನು ಪಿತೃಗಳು ಒಪ್ಪುವುದಿಲ್ಲವೆಂಬ ನಂಬಿಕೆ, ತನಗರಿವಿಲ್ಲದೆ ಹಳೆಯ ಪಾಕವನ್ನು ಕಾಪಾಡಿಕೊಂಡು ಬಂದಿದೆ. ಇದು ಒಂದು ಸಮುದಾಯದ ನೆನಪು ಮಾತ್ರ, ಇಡೀ ನಗರದ್ದಲ್ಲ ಎಂಬುದೂ ನಿಜ.

ಈ ಅಡುಗೆಯ ಹದ ಬಲ್ಲವರು ನಮ್ಮಲ್ಲೀಗ ಎಂಬತ್ತು ದಾಟಿದ ದೊಡ್ಡಮ್ಮ ಒಬ್ಬರೇ. ಮುಂದಿನ ವರ್ಷದಿಂದ ಕೇಟರಿಂಗ್‌ನವರಿಗೆ ಹೇಳಿಬಿಡೋಣವೆಂದು ತಮ್ಮ ಸೂಚಿಸಿದ. ನಾನು ಉತ್ತರ ಕೊಡಲಿಲ್ಲ. ಒಳಗೆ ನನ್ನ ಮಗಳು, ಸಾರಿಗೆ ಮೆಣಸು ಎಷ್ಟು ಹಾಕಬೇಕೆಂದು ಕೇಳುತ್ತಿದ್ದಳು. ದೊಡ್ಡಮ್ಮ ಅಂಗೈ ಚಾಚಿ ಕಾಳುಗಳನ್ನು ತೋರಿಸಿದರು. ಅವಳು ಅವನ್ನು ಚಮಚಕ್ಕೆ ಸುರಿದು ಅಳೆದು, ಬರೆದುಕೊಂಡಳು.