ಬಂಡೆಯ ಮೇಲೆ ಬೈಸಿಕಲ್ಲು
ಬೈಸಿಕಲ್ಲೆಂದರೆ ಕಚೇರಿಗೂ ಮಾರುಕಟ್ಟೆಗೂ ಹೋಗುವ ವಾಹನವೆಂದು ತಿಳಿದವರಿಗೆ, ಅದನ್ನು ಗುಡ್ಡ ಹತ್ತಿಸುವ ಪಂದ್ಯವೂ ಉಂಟೆಂದರೆ ನಗು ಬಂದೀತು. ಆದರೆ ಕ್ರಾಸ್ ಕಂಟ್ರಿ ಮೌಂಟನ್ ಬೈಕಿಂಗ್ 1996ರ ಅಟ್ಲಾಂಟಾ ಒಲಿಂಪಿಕ್ಸಿನಿಂದಲೂ ಪದಕದ ಆಟ. ನಾಲ್ಕಾರು ಕಿಲೊಮೀಟರಿನ ಕಲ್ಲುಹಾದಿಯನ್ನು ಸುಮಾರು ಒಂದೂವರೆ ಗಂಟೆ ಮತ್ತೆ ಮತ್ತೆ ಸುತ್ತಬೇಕು. ನಮ್ಮ ಗದಗಿನಲ್ಲಿಯೇ 2021ರಲ್ಲಿ ಇದರ ರಾಷ್ಟ್ರೀಯ ಸ್ಪರ್ಧೆ ಜರುಗಿತು.

ಹೈದರಾಬಾದಿನ ನಾವು ಅಭ್ಯಾಸಕ್ಕೆ ದೂರ ಹೋಗಬೇಕಿಲ್ಲ. 2023ರಲ್ಲಿ ಹೊರವರ್ತುಲ ರಸ್ತೆಯ ಬದಿಗೆ, ಸೌರಫಲಕಗಳ ನೆರಳಿನಲ್ಲಿ, 23 ಕಿಲೊಮೀಟರ್ ಸೈಕಲ್ ಹಾದಿ ತೆರೆಯಿತು. ಉದ್ಯೋಗಸ್ಥ ಹವ್ಯಾಸಿಗೆ ಅದು ದೊಡ್ಡ ಉಪಕಾರ. ಕಾಲಿಗೂ ಉಸಿರಿಗೂ ಕಸುವು ಬರುತ್ತದೆ. ಆದರೆ ನಯವಾದ ಹಾದಿ ಇಳಿಜಾರಿನ ಪಾಠ ಹೇಳೀತೆ? ಅದನ್ನು ಖಾಜಾಗುಡದಂಥ ಗುಡ್ಡವೇ ಕಲಿಸಬೇಕು. ಟಯರಿನ ಗಾಳಿ ತುಸು ಇಳಿಸಿದರೆ ಅದು ಕಲ್ಲನ್ನು ಹಿಡಿಯುತ್ತದೆ. ಕಡಿದಾದೆಡೆ ಆಸನದಿಂದೆದ್ದು ಮೈಯನ್ನು ಹಿಂದಕ್ಕೊಯ್ಯಬೇಕು. ಕಣ್ಣು ಮುಂಗಾಲಿಯ ಮೇಲಲ್ಲ, ಮುಂದಿನ ತಿರುವಿನ ಮೇಲಿರಬೇಕು. ಹೆಲ್ಮೆಟ್ಟಿನ ವಿಷಯದಲ್ಲಿ ಮಾತ್ರ ಮನೆಯವರ ಗದರಿಕೆಯೇ ನ್ಯಾಯ!

ಸುಮಾರು 250 ಕೋಟಿ ವರ್ಷ ಹಳೆಯ ಈ ಗ್ರಾನೈಟ್ ಬಂಡೆಗಳು ಒಡೆದು ಕಟ್ಟಡಗಳಿಗೆ ಎಡೆಗೊಡುತ್ತಿರುವುದೇ ನಮಗೆ ವ್ಯಸನ. ಸೈಕಲ್ ಹಾದಿಯನ್ನು ಇನ್ನೊಂದೆಡೆ ಕಟ್ಟಬಹುದು, ಬಂಡೆಯನ್ನು ಕಟ್ಟಲಾಗದು. ಉಳಿದಿರುವ ಗುಡ್ಡಗಳಿಗೆ ಮಕ್ಕಳನ್ನು ಈ ಚಳಿಗಾಲದಲ್ಲೊಂದು ಭಾನುವಾರ ಕರೆದೊಯ್ಯಿರಿ, ಬಿಸಿಲೇರುವ ಮುನ್ನ.